ಗೊಂಬೆಯಿಂದ ಕಲಿತ ಪ್ರಾಣರಕ್ಷಣೆ

ನಿಂತ ಹೃದಯವನ್ನು ಮತ್ತೆ ನಡೆಸುವುದು ವೈದ್ಯರ ಕೆಲಸ, ನಮ್ಮಂಥವರದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಒಂದು ಕಾಲಕ್ಕೆ ವೈದ್ಯಲೋಕವೂ ಹೀಗೆಯೇ ಎಣಿಸಿತ್ತು. ಸಿ.ಪಿ.ಆರ್. ಎಂಬ ಈ ವಿದ್ಯೆ ಆಸ್ಪತ್ರೆಯ ಗೋಡೆ ದಾಟಿ ಶಾಲೆಯ ಮಕ್ಕಳ ಕೈಸೇರಿದ ಬಗೆಯನ್ನು ನಾವು ತಿಳಿದಿರುವುದು ಒಳ್ಳೆಯದು.

ನೀರಿನಲ್ಲಿ ಮುಳುಗಿದವರಿಗೆ ಬಾಯಿಂದ ಬಾಯಿಗೆ ಉಸಿರೂದಬೇಕೆಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1740ರಲ್ಲೇ ಸಲಹೆ ಮಾಡಿತ್ತು. ಕಾಲಕ್ರಮದಲ್ಲಿ ಅದು ಮೂಲೆಗುಂಪಾಯಿತು. 1950ರ ದಶಕದಲ್ಲಿ ಅಮೆರಿಕದ ವೈದ್ಯರಾದ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಫಾರ್ ಅದರ ಮಹತ್ವವನ್ನು ಪ್ರಯೋಗಗಳಿಂದ ತೋರಿಸಿದರು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಕೊಯ್ಯದೆ ಹೊರಗಿನಿಂದ ಒತ್ತಿಯೇ ರಕ್ತವನ್ನು ಹರಿಸಬಹುದೆಂದು ಪ್ರಕಟಿಸಿದರು. ಇವರಲ್ಲಿ ಮೊದಲನೆಯವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರು!

ಆದರೆ ಕಲಿಯುವುದು ಯಾರ ಮೇಲೆ? ಆರೋಗ್ಯವಂತರ ಎದೆಯನ್ನು ಒತ್ತಿ ಅಭ್ಯಾಸ ಮಾಡುವಂತಿಲ್ಲ. ಈ ತೊಡಕನ್ನು ಬಿಡಿಸಿದವರು ನಾರ್ವೆ ದೇಶದ ಸ್ಟಾವಂಗರ್ ಊರಿನ ಆಟಿಕೆ ತಯಾರಕರಾದ ಆಸ್ಮಂಡ್ ಲೇರ್ಡಾಲ್. ನೀರಿನಲ್ಲಿ ಮುಳುಗುತ್ತಿದ್ದ ತಮ್ಮ ಎಳೆಯ ಮಗನನ್ನು ಅವರು ಹಿಂದೊಮ್ಮೆ ಉಳಿಸಿಕೊಂಡಿದ್ದರು. ಅದೇ ಊರಿನ ಅರಿವಳಿಕೆ ತಜ್ಞ ಬ್ಯೋರ್ನ್ ಲಿಂಡ್ ಅವರ ಒತ್ತಾಸೆಯಿಂದ, ಊದಿದರೆ ಎದೆ ಏರುವ ಆಳೆತ್ತರದ ಪ್ಲಾಸ್ಟಿಕ್ ಗೊಂಬೆಯೊಂದನ್ನು 1960ರಲ್ಲಿ ಹೊರತಂದರು. ಮರುವರ್ಷದ ಹೊತ್ತಿಗೆ ನಾರ್ವೆಯ ಶಾಲೆಗಳಲ್ಲಿ ಮಕ್ಕಳು ಗೊಂಬೆಗೆ ಉಸಿರೂದಿ ಕಲಿಯತೊಡಗಿದ್ದರು. ಅಮೆರಿಕದಲ್ಲಾದರೋ, 1966ರ ತಜ್ಞರ ಸಮ್ಮೇಳನ ಈ ಶಿಕ್ಷಣವನ್ನು ವೈದ್ಯಕೀಯ ಸಿಬ್ಬಂದಿಗಷ್ಟೇ ಸೂಚಿಸಿತು. ಸಾರ್ವಜನಿಕರಿಗೂ ಕಲಿಸಬೇಕೆಂಬ ಶಿಫಾರಸು ಪ್ರಕಟವಾಗಲು 1974 ಬರಬೇಕಾಯಿತು.

ಫಲವೇನು? ಡೆನ್ಮಾರ್ಕ್ 2005ರಲ್ಲಿ ಇದನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಚಾಲನಾ ಪರವಾನಗಿ ಬಯಸುವವರಿಗೂ ಕಲಿಸಿತು. ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಪೈಕಿ, ಪಕ್ಕದವರ ನೆರವು ಪಡೆದವರು 2001ರಲ್ಲಿ ಶೇಕಡಾ 21. 2010ರಲ್ಲಿ ಶೇಕಡಾ 45. ಮೂವತ್ತು ದಿನ ಕಳೆದು ಬದುಕಿದ್ದವರ ಪ್ರಮಾಣ ಶೇಕಡಾ 3.5ರಿಂದ 10.8ಕ್ಕೆ ಏರಿತು. ಇದು ಶಾಲೆಯೊಂದರಿಂದಲೇ ಆದದ್ದಲ್ಲ, ಆದರೆ ಶಾಲೆಯ ಪಾಲನ್ನು ಮರೆಯುವಂತಿಲ್ಲ. ಹನ್ನೆರಡು ವರ್ಷದಿಂದ ವರ್ಷಕ್ಕೆ ಎರಡು ತಾಸಿನಂತೆ ಮಕ್ಕಳಿಗೆ ಕಲಿಸಬೇಕೆಂಬ ಯೋಜನೆಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬೆಂಬಲ ನೀಡಿತು.

ರಕ್ತ ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳು ಕೆಡತೊಡಗುತ್ತದೆ. ಮಹಾನಗರದ ವಾಹನಸಂದಣಿಯಲ್ಲಿ ಆಂಬುಲೆನ್ಸ್ ಅಷ್ಟರಲ್ಲಿ ಬಂದೀತೆಂದು ಹೇಳುವವರಾರು? ಬಂಧುಬಳಗ ದೂರದೂರಿನಲ್ಲಿರುವ ನಮ್ಮ ಮನೆಗಳಲ್ಲಿ, ಹಗಲು ಹೊತ್ತು ಅಜ್ಜನ ಬಳಿ ಇರುವುದು ಎಷ್ಟೋ ಸಲ ಶಾಲೆಯಿಂದ ಬಂದ ಮೊಮ್ಮಗಳೊಬ್ಬಳೇ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಅಜ್ಜ ಕುಸಿದರೆ, ಅವಳು ಕೂಗಿ ನೆರೆಯವರನ್ನು ಕರೆಯಬೇಕು. 112ಕ್ಕೋ 108ಕ್ಕೋ ಫೋನು ಮಾಡಬೇಕು. ಎದೆಯ ನಡುವೆ ಅಂಗೈಯ ಬುಡವಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿರಿಸಿ, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ನೆರವು ಬರುವವರೆಗೆ ನಿಲ್ಲಿಸಬಾರದು. ಇದು ಓದಿ ಬರುವ ವಿದ್ಯೆಯಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿಯೇ ಬರಬೇಕು.

ರಾಜ್ಯೋತ್ಸವಕ್ಕೆ ಮಕ್ಕಳಿಗೆ ಹಾಡು, ನಾಟಕ ಕಲಿಸಲು ನಾವು ವಾರಗಟ್ಟಲೆ ದುಡಿಯುತ್ತೇವೆ. ಬಲ್ಲ ವೈದ್ಯರೊಬ್ಬರನ್ನು ಕರೆಸಿ, ಒಂದು ಗೊಂಬೆಯನ್ನು ತರಿಸಿ, ವರ್ಷಕ್ಕೆರಡು ತಾಸು ಇದಕ್ಕೂ ಮೀಸಲಿಡುವುದು ನಮ್ಮ ಸಂಘಗಳಿಗೆ ಭಾರವಾಗಲಾರದು.