ಮೌಸ್ ಯಾರ ಕೈಯಲ್ಲಿತ್ತು?

ನಮ್ಮೂರ ಹೈಸ್ಕೂಲಿಗೆ ಕಂಪ್ಯೂಟರ್ ಬಂದಾಗ ಒಂದರ ಸುತ್ತ ಎಂಟು ಮಕ್ಕಳು ಮುತ್ತಿಕೊಳ್ಳುತ್ತಿದ್ವಿ. ಮೌಸ್ ಮಾತ್ರ ಯಾವಾಗಲೂ ನನ್ನ ಕೈಯಲ್ಲೇ. ಹಾಗಂತ ಮೇಷ್ಟ್ರೇನೂ ಹೇಳಿರಲಿಲ್ಲ. ನಮ್ಮಪ್ಪ ಬಂದ್ರೆ ಕಟ್ಟೆ ಮೇಲೆ ಕೂತವರು ಎದ್ದು ನಿಲ್ತಿದ್ರು. ಹಾಗಾಗಿ ಮುಂದಿನ ಕುರ್ಚಿ ತಾನಾಗೇ ನನ್ನದಾಗ್ತಿತ್ತು. ಹಿಂದೆ ನಿಂತು ಇಣುಕುತ್ತಿದ್ದ ಕೇರಿಯ ಹುಡುಗಿ ಲೆಕ್ಕದಲ್ಲಿ ನನಗಿಂತ ಚುರುಕು. ಅವಳು ಒಂದು ಸಲವಾದರೂ ಕ್ಲಿಕ್ ಮಾಡಿದ್ದು ನನಗೆ ನೆನಪಿಲ್ಲ.

ಇದೆಲ್ಲ ಮತ್ತೆ ನೆನಪಾಗಿದ್ದು ಕೆಂಟಾರೊ ಟೊಯಾಮಾ ಅವರ 'ಗೀಕ್ ಹೆರೆಸಿ' (2015) ಓದುವಾಗ. ಟೊಯಾಮಾ ಕಂಪ್ಯೂಟರ್ ವಿಜ್ಞಾನಿ. 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾವನ್ನು ಕಟ್ಟಿದವರಲ್ಲಿ ಒಬ್ಬರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅವರ ತಂಡ ಕಂಡಿದ್ದೂ ಇದನ್ನೇ: ಹತ್ತು ಮಕ್ಕಳು, ಒಂದು ಕಂಪ್ಯೂಟರ್, ಒಬ್ಬನದ್ದೇ ಯಜಮಾನಿಕೆ. ಅದಕ್ಕೆ ಅವರು ಹುಡುಕಿದ ಉಪಾಯ 'ಮಲ್ಟಿಪಾಯಿಂಟ್'. ಒಂದೇ ಕಂಪ್ಯೂಟರಿಗೆ ಹಲವು ಮೌಸ್, ಪ್ರತಿ ಮಗುವಿಗೂ ಪರದೆ ಮೇಲೆ ತನ್ನದೇ ಕರ್ಸರ್. ಪ್ರಯೋಗದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಆದರೆ ಮಾಮೂಲಿ ಶಾಲೆಗಳಿಗೆ ಹೋದಾಗ ಹಳೇ ಕಷ್ಟಗಳು ಎದುರಾದವು. ಕೆಟ್ಟರೆ ರಿಪೇರಿಗೆ ಜನ ಇಲ್ಲ, ಮೇಷ್ಟ್ರಿಗೆ ಪುರುಸೊತ್ತಿಲ್ಲ.

ಟೊಯಾಮಾ ಕಂಡುಕೊಂಡ ಸತ್ಯ ಸರಳ. ತಂತ್ರಜ್ಞಾನ ಒಂದು ಮೈಕ್ ಇದ್ದಹಾಗೆ. ಹಾಡುವವನ ಕಂಠ ಚೆನ್ನಾಗಿದ್ದರೆ ಊರಿಗೆಲ್ಲ ಹಾಡು, ಇಲ್ಲದಿದ್ದರೆ ಊರಿಗೆಲ್ಲ ಗದ್ದಲ. ಒಳ್ಳೇ ಶಾಲೆಯನ್ನು ಅದು ಇನ್ನಷ್ಟು ಒಳ್ಳೇದು ಮಾಡುತ್ತೆ; ಸೊರಗಿದ ಶಾಲೆಯನ್ನು ಎತ್ತಿ ನಿಲ್ಲಿಸಲ್ಲ. ಇರುವ ಅಂತರವನ್ನು ಹಿಗ್ಗಿಸಲೂಬಹುದು.

ಪೆರು ದೇಶದ ಅನುಭವ ನೋಡಿ. 'ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್' ಯೋಜನೆಯನ್ನು ಅಲ್ಲಿ 319 ಹಳ್ಳಿ ಶಾಲೆಗಳಲ್ಲಿ ಪರೀಕ್ಷಿಸಿದರು. 2012ರಲ್ಲಿ ಬಂದ ವರದಿ ಪ್ರಕಾರ, ಯೋಜನೆ ಬಂದ ಶಾಲೆಗಳಲ್ಲಿ ಮಗುವಿಗೆ 0.12 ಇದ್ದ ಕಂಪ್ಯೂಟರ್ ಪ್ರಮಾಣ 1.18ಕ್ಕೆ ಏರಿತ್ತು. ಗಣಿತ ಮತ್ತು ಭಾಷೆಯ ಅಂಕಗಳು ಮಾತ್ರ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ.

ಈ ಆಸೆ ಹೊಸದೂ ಅಲ್ಲ. ಇನ್ನು ಶಾಲೆಗೆ ಪುಸ್ತಕ ಬೇಡ, ಸಿನಿಮಾನೇ ಸಾಕು ಅಂತ ಎಡಿಸನ್ 1913ರಲ್ಲೇ ಹೇಳಿದ್ದ. 1975-76ರಲ್ಲಿ 'ಸೈಟ್' ಯೋಜನೆಯಡಿ ಉಪಗ್ರಹದ ಮೂಲಕ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು, ಬೆಳಿಗ್ಗೆ ಮಕ್ಕಳಿಗೆ ಪಾಠ ಬಂತು. ಒಂದು ವರ್ಷಕ್ಕೆ ಉಪಗ್ರಹವೇ ಬೇರೆ ಕಡೆ ಹೊರಟುಹೋಯಿತು. ಆಮೇಲೂ ಶಾಲೆಯಲ್ಲಿ ಉಳಿದಿದ್ದು ಮೇಷ್ಟ್ರು, ಕರಿಹಲಗೆ.

ನಾನು ತಂತ್ರಜ್ಞಾನದ ವಿರೋಧಿಯಲ್ಲ ಮಾರಾಯ್ರೇ, ನನ್ನ ಅನ್ನವೇ ಅದು. ಆದರೆ ಇಂಟರ್‌ವ್ಯೂ ತಗೊಳ್ಳುವಾಗ ಮೊದಲೆಲ್ಲ ನಾನೊಂದು ಪ್ರಶ್ನೆ ಕೇಳ್ತಿದ್ದೆ: "ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಯಾವಾಗ?" ಚಿಕ್ಕ ವಯಸ್ಸಲ್ಲೇ ಅಂದವರು ಜಾಣರು ಅಂತ ನನ್ನ ಲೆಕ್ಕ. ಈಗ ಆ ಪ್ರಶ್ನೆ ಬಿಟ್ಟಿದ್ದೇನೆ. ಅದು ಅಳೆಯೋದು ಜಾಣತನವನ್ನಲ್ಲ, ಮುಂದಿನ ಕುರ್ಚಿ ಯಾರಿಗೆ ಸಿಕ್ಕಿತ್ತು ಅನ್ನೋದನ್ನ.

ಆ ಹುಡುಗಿ ಎಸ್ಸೆಸ್ಸೆಲ್ಸಿ ಆದಮೇಲೆ ಓದು ಬಿಟ್ಟಳು. ನಾನು ಬಿಇ ಮಾಡಿದೆ. ಇದನ್ನೇ ಇಷ್ಟು ವರ್ಷ ನಾನು ಮೆರಿಟ್ ಅಂದುಕೊಂಡಿದ್ದೆ.