ಅಕ್ರಿಲಿಕ್ ಮೇಲೆ ಲೇಸರ್ ಕೆಲಸ: ಹಾಳೆಯ ಆಯ್ಕೆಯೇ ಮೊದಲ ಹೆಜ್ಜೆ

ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ರಾಜ್ಯದ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತರಲಾಯಿತು. ಅಂಗಡಿ, ಕಚೇರಿಗಳ ಫಲಕಗಳಿಗೆ ಬಳಕೆಯಾಗುವ ಪ್ರಮುಖ ವಸ್ತುಗಳಲ್ಲಿ ಅಕ್ರಿಲಿಕ್ ಒಂದು. ಲೇಸರ್ ಯಂತ್ರದಲ್ಲಿ ಕತ್ತರಿಸಿದ ಅಕ್ರಿಲಿಕ್‌ನ ಅಂಚು ಗಾಜಿನಂತೆ ಹೊಳೆಯಲೂಬಹುದು. ಕರಗಿ, ಹೊಗೆ ಹಿಡಿದು, ಕೆಲವೇ ದಿನಗಳಲ್ಲಿ ಬಿರುಕು ಬಿಡಲೂಬಹುದು. ಈ ವ್ಯತ್ಯಾಸಕ್ಕೆ ಯಂತ್ರದ ಬೆಲೆಗಿಂತ ಹಾಳೆಯ ಜಾತಿ, ಗಾಳಿಯ ಹರಿವು ಹಾಗೂ ಕೆಲಸದ ಕ್ರಮವೇ ಹೆಚ್ಚು ಕಾರಣ.

ಯಾವ ಲೇಸರ್?

ಈ ಕೆಲಸಕ್ಕೆ ಒಪ್ಪುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಭಾರತ ಸಂಜಾತ ವಿಜ್ಞಾನಿ ಸಿ. ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇದನ್ನು ರೂಪಿಸಿದರು. ಇದರ 10.6 ಮೈಕ್ರೋಮೀಟರ್ ತರಂಗಾಂತರದ ಕಿರಣವನ್ನು ಅಕ್ರಿಲಿಕ್ ಸಂಪೂರ್ಣವಾಗಿ ಹೀರಿಕೊಂಡು ಆವಿಯಾಗುತ್ತದೆ. ಅಗ್ಗದ ನೀಲಿ ಡಯೋಡ್ ಲೇಸರ್‌ನ ಬೆಳಕಾದರೋ ಪಾರದರ್ಶಕ ಹಾಳೆಯೊಳಗಿಂದ ಹಾದುಹೋಗುವುದರಿಂದ ಅದನ್ನು ಕತ್ತರಿಸಲಾರದು.

ಎರಡು ಬಗೆಯ ಹಾಳೆ

ಅಚ್ಚಿನಲ್ಲಿ ಎರಕ ಹೊಯ್ದು ತಯಾರಿಸುವ ಹಾಳೆಗೆ 'ಕಾಸ್ಟ್' ಎಂದೂ, ಯಂತ್ರದ ಮೂಲಕ ಒತ್ತಿ ಹೊರತೆಗೆಯುವ ಹಾಳೆಗೆ 'ಎಕ್ಸ್‌ಟ್ರೂಡೆಡ್' ಎಂದೂ ಹೆಸರು. ಕಾಸ್ಟ್ ಹಾಳೆಯ ಮೇಲಿನ ಕೆತ್ತನೆ ಮಂಜಿನಂತೆ ಬೆಳ್ಳಗೆ ಕಾಣುತ್ತದೆ. ಎಕ್ಸ್‌ಟ್ರೂಡೆಡ್ ಹಾಳೆಯಲ್ಲಿ ಕೆತ್ತಿದ ಭಾಗ ಬಣ್ಣ ಬದಲಿಸದೆ ಮಸುಕಾಗಿಯೇ ಉಳಿಯುತ್ತದೆ. ಆದರೆ ಅದರ ದಪ್ಪ ಎಲ್ಲೆಡೆ ಸಮವಾಗಿದ್ದು, ಕತ್ತರಿಸಿದ ಅಂಚು ಚೆನ್ನಾಗಿ ಹೊಳೆಯುತ್ತದೆ. ಆದ್ದರಿಂದ ಅಕ್ಷರ ಕೆತ್ತುವುದಕ್ಕೆ ಕಾಸ್ಟ್ ಹಾಳೆಯೇ ಸೂಕ್ತ.

ಗಾಳಿ ಮತ್ತು ವೇಗ

ಕತ್ತರಿಸುವಾಗ ಗಾಳಿಯ ಒತ್ತಡ ಹೆಚ್ಚಾದರೆ ಅಂಚು ಮಂಕಾಗುತ್ತದೆ. ತೀರಾ ಕಡಿಮೆಯಾದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಸಾಧ್ಯವಾದಷ್ಟೂ ಒಂದೇ ಸಲಕ್ಕೆ, ನಿಧಾನವಾಗಿ ಕತ್ತರಿಸಬೇಕು. ಹಾಳೆಯನ್ನು ಯಂತ್ರದ ಜಾಲರಿಯಿಂದ ಕೆಲವು ಮಿಲಿಮೀಟರ್ ಎತ್ತರದಲ್ಲಿಟ್ಟರೆ, ಪ್ರತಿಫಲಿಸಿದ ಕಿರಣದ ಕಲೆಗಳು ತಳಭಾಗದಲ್ಲಿ ಮೂಡುವುದಿಲ್ಲ. ಮೊದಲು ಕೆತ್ತನೆ, ಬಳಿಕ ಕತ್ತರಿಕೆ ಎಂಬ ಕ್ರಮವನ್ನು ಪಾಲಿಸಬೇಕು. ಇಲ್ಲವಾದರೆ ಬಿಡಿಯಾದ ತುಂಡು ಕದಲಿ ಅಕ್ಷರಗಳು ಓರೆಯಾಗುತ್ತವೆ. ಪ್ರತಿ ಹೊಸ ಹಾಳೆಯ ಮೂಲೆಯಲ್ಲಿ ಶಕ್ತಿ ಮತ್ತು ವೇಗವನ್ನು ಬದಲಿಸುತ್ತಾ ಸಣ್ಣ ಚೌಕಗಳನ್ನು ಕತ್ತರಿಸಿ ನೋಡುವುದು ಒಳಿತು.

ಕನ್ನಡ ಅಕ್ಷರಗಳಿಗೆ ವಿಶೇಷ ಗಮನ

ಹಾಳೆಯಲ್ಲಿ ಅಕ್ಷರಗಳನ್ನು ಕೊರೆದು ತೆಗೆಯುವಾಗ ಅನುಸ್ವಾರದ ಸೊನ್ನೆ, 'ಠ'ದಂತಹ ಅಕ್ಷರಗಳ ಒಳಭಾಗ ಉದುರಿಹೋಗುತ್ತದೆ. ಅದನ್ನು ತಡೆಯಲು ವಿನ್ಯಾಸದಲ್ಲೇ ಸಣ್ಣ ಸೇತುವೆಗಳನ್ನು ಉಳಿಸಬೇಕು. ಬಿಡಿ ಅಕ್ಷರಗಳನ್ನು ಫಲಕಕ್ಕೆ ಅಂಟಿಸುವುದಾದರೆ ಒತ್ತಕ್ಷರಗಳು ಪ್ರತ್ಯೇಕ ತುಂಡುಗಳಾಗುತ್ತವೆ. ಉಳಿದ ಹಾಳೆಯ ಚೌಕಟ್ಟನ್ನೇ ಅಳತೆಪಟ್ಟಿಯಾಗಿ ಇಟ್ಟುಕೊಂಡರೆ ಅವು ಸ್ಥಾನ ತಪ್ಪುವುದಿಲ್ಲ.

ಬಿರುಕು ಏಕೆ?

ಲೇಸರ್ ಶಾಖದಿಂದ ಅಂಚಿನಲ್ಲಿ ಒಳ ಒತ್ತಡ ಉಳಿದಿರುತ್ತದೆ. ಅಂತಹ ಅಂಚನ್ನು ಸ್ಪಿರಿಟ್ ಅಥವಾ ಥಿನ್ನರ್‌ನಿಂದ ಒರೆಸಿದರೆ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ತೆಳು ಸಾಬೂನು ನೀರು, ಮೃದು ಬಟ್ಟೆ ಸಾಕು. ದಪ್ಪ ತುಂಡುಗಳನ್ನು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿ, ನಿಧಾನವಾಗಿ ತಣಿಸಿದರೆ ಒತ್ತಡ ಇಳಿಯುತ್ತದೆ.

ಎಚ್ಚರ ತಪ್ಪಿದರೆ

ಎಲ್ಲಕ್ಕಿಂತ ದೊಡ್ಡ ಅಪಾಯ ಅಕ್ರಿಲಿಕ್‌ನಂತೆಯೇ ಕಾಣುವ ಪಿವಿಸಿ ಹಾಳೆಯದು. ಲೇಸರ್ ತಾಗಿದೊಡನೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಹೊರಸೂಸುತ್ತದೆ. ಈ ಅನಿಲ ಶ್ವಾಸಕೋಶಕ್ಕೆ ಹಾನಿಕರ. ಯಂತ್ರದ ಲೋಹದ ಭಾಗಗಳಿಗೂ ತುಕ್ಕು ಹಿಡಿಸುತ್ತದೆ. ಗುರುತಿಲ್ಲದ ತುಂಡನ್ನು ಪರೀಕ್ಷಿಸಲು ಕಾದ ತಾಮ್ರದ ತಂತಿಗೆ ಅದನ್ನು ತಾಗಿಸಿ, ತಂತಿಯನ್ನು ಮತ್ತೆ ಜ್ವಾಲೆಗೆ ಹಿಡಿಯಬೇಕು. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆಯೆಂದೇ ಅರ್ಥ. ಈ ಪರೀಕ್ಷೆಯನ್ನು ಗಾಳಿಯಾಡುವ ಸ್ಥಳದಲ್ಲೇ ನಡೆಸಬೇಕು.

ಶುದ್ಧ ಅಕ್ರಿಲಿಕ್‌ನ ಆವಿಯೂ ಸುಲಭವಾಗಿ ಹೊತ್ತಿಕೊಳ್ಳುವಂತಹುದು. ಹೊಗೆಯನ್ನು ಹೊರಗೆ ಸೆಳೆಯುವ ಫ್ಯಾನ್, ಕೈಗೆಟುಕುವಂತೆ ಅಗ್ನಿಶಾಮಕ ಸಾಧನ ಇರಲೇಬೇಕು. ಯಂತ್ರ ಚಾಲನೆಯಲ್ಲಿರುವಷ್ಟು ಹೊತ್ತೂ ಕೆಲಸಗಾರ ಅದರ ಬಳಿಯಿಂದ ಕದಲಬಾರದು.