ಹಗೇವು, ಅಟ್ಟ, ಮದ್ಯದ ನೆಲಮನೆ: ಗೃಹನಿರ್ಮಾಣದಲ್ಲಿ ಸಂಗ್ರಹಶಾಸ್ತ್ರದ ಒಂದು ವಿಚಾರ

ಒಂದು ನಾಡಿನ ಗೃಹನಿರ್ಮಾಣಕೌಶಲವನ್ನು ತಿಳಿಯಬೇಕಾದರೆ ಆ ನಾಡಿನ ಮನೆಗಳ ಹೆಬ್ಬಾಗಿಲನ್ನೂ ಕಂಬಗಳ ಕೆತ್ತನೆಯನ್ನೂ ನೋಡಿದರೆ ಸಾಲದು, ಉಗ್ರಾಣವನ್ನು ನೋಡಬೇಕು. ಹೆಬ್ಬಾಗಿಲು ಒಡೆಯನ ಸಂಪತ್ತನ್ನು ಹೇಳುತ್ತದೆ. ಉಗ್ರಾಣವಾದರೋ ಅವನ ವಿವೇಕವನ್ನು ಹೇಳುತ್ತದೆ. ಯಾವ ಪದಾರ್ಥವನ್ನು ಎಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಗಾಳಿಯಲ್ಲಿ, ಎಷ್ಟು ಕಾಲ ಇಡಬೇಕೆಂಬ ನಿರ್ಣಯವು ಅನೇಕ ತಲೆಮಾರುಗಳ ಅನುಭವದಿಂದ ಸಿದ್ಧವಾದುದಾಗಿರುತ್ತದೆ.

ಈಚೆಗೆ ಅನುಕೂಲವಂತರ ಹೊಸ ಮನೆಗಳಲ್ಲಿ ದ್ರಾಕ್ಷಾಮದ್ಯವನ್ನು ಸಂಗ್ರಹಿಸಿಡುವುದಕ್ಕಾಗಿಯೇ ನೆಲದೊಳಗೆ ಕೊಠಡಿಯನ್ನು ಕಟ್ಟಿಸುವ ವಾಡಿಕೆ ಹುಟ್ಟಿದೆ. ಇದರೊಡನೆ ಒಂದು ವಾದವೂ ಕೇಳಬರುತ್ತಿದೆ: ಪ್ರಾಚೀನ ಗ್ರಂಥಗಳಲ್ಲಿ ಹೇಳಿರುವ ಭೂಮಿಗೃಹವೂ ನಮ್ಮ ಹಳ್ಳಿಗಳ ಹಗೇವೂ ಇಂತಹ ಮದ್ಯಾಗಾರದ ಪೂರ್ವರೂಪಗಳೇ ಎಂಬುದು. ಈ ವಾದವು ನಿಲ್ಲತಕ್ಕದ್ದೇ ಎಂಬುದನ್ನು ಮೊದಲು ಶಾಸ್ತ್ರದಿಂದಲೂ ಅನಂತರ ಕಿಬ್ಬನಹಳ್ಳಿಯ ಸುತ್ತಣ ತೆಂಗಿನ ಸೀಮೆಯ ರೂಢಿಯಿಂದಲೂ ಪರಿಶೀಲಿಸಬೇಕಾಗಿದೆ.

ಶಾಸ್ತ್ರಪ್ರಮಾಣಗಳಲ್ಲಿ ಮುಖ್ಯವಾದುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಇದನ್ನು ಪ್ರಕಟಪಡಿಸಿದರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರ ಎರಡನೆಯ ಅಧಿಕರಣದ ಮೂರು ಅಧ್ಯಾಯಗಳು ಪ್ರಕೃತಕ್ಕೆ ಸಂಬಂಧಪಡುತ್ತವೆ. ಐದನೆಯ ಅಧ್ಯಾಯದಲ್ಲಿ ಸನ್ನಿಧಾತೃವು ಕಟ್ಟಿಸಬೇಕಾದ ಭೂಮಿಗೃಹದ ಲಕ್ಷಣವಿದೆ. ನೀರಾಗಲಿ ತೇವವಾಗಲಿ ಇಲ್ಲದ ಸ್ಥಳದಲ್ಲಿ ಚೌಕವಾದ ಗುಂಡಿಯನ್ನು ತೋಡಿಸಿ, ಪಕ್ಕಗಳನ್ನೂ ತಳವನ್ನೂ ದಪ್ಪ ಕಲ್ಲುಗಳಿಂದ ಕಟ್ಟಿಸಿ, ಗಟ್ಟಿಮರದ ಚೌಕಟ್ಟನ್ನು ಕೂಡಿಸಿ, ಮೂರು ಅಂತಸ್ತುಗಳಾಗಿ ಅದನ್ನು ನಿರ್ಮಿಸಬೇಕೆಂದು ವಿಧಿ. ಅದರ ಮೇಲೆ ಬರುವುದು ಕೋಶಗೃಹ. ಎಂದರೆ ಈ ನೆಲಮನೆ ರಾಜನ ಧನಕ್ಕಾಗಿ ಏರ್ಪಟ್ಟದ್ದೇ ಹೊರತು ಮದ್ಯಕ್ಕಾಗಿ ಅಲ್ಲ. ಕಳ್ಳರ ಭಯವೇ ಅದನ್ನು ಭೂಮಿಯೊಳಕ್ಕೆ ಇಳಿಸಿತು, ತಂಪಿನ ಅಪೇಕ್ಷೆಯಲ್ಲ.

ಹದಿನೈದನೆಯದಾದ ಕೋಷ್ಠಾಗಾರಾಧ್ಯಕ್ಷನ ಅಧ್ಯಾಯದ ಕೊನೆಯಲ್ಲಿ ಸಂಗ್ರಹಶಾಸ್ತ್ರದ ಸಾರವೇ ಅಡಕವಾಗಿದೆ. ಧಾನ್ಯವನ್ನು ಎತ್ತರದಲ್ಲಿಡಬೇಕು, ಬೆಲ್ಲ ಮೊದಲಾದುವನ್ನು ಒತ್ತಾಗಿ ಹೆಣೆದ ಹುಲ್ಲಿನ ಮೂಡೆಗಳಲ್ಲಿಡಬೇಕು, ಎಣ್ಣೆ ತುಪ್ಪಗಳಿಗೆ ಮಣ್ಣಿನ ಮತ್ತು ಮರದ ಪಾತ್ರೆಗಳು, ಉಪ್ಪಿಗೆ ನೆಲವೇ ಸ್ಥಾನ. ಎಲ್ಲಕ್ಕೂ ಒಂದೇ ಉಗ್ರಾಣವೆಂಬುದಿಲ್ಲ. ದ್ರವ್ಯದ ಸ್ವಭಾವವೇ ಸ್ಥಾನವನ್ನು ನಿಶ್ಚಯಿಸುತ್ತದೆ. ಈ ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲವೂ ಸುಗಮವಾಗುತ್ತದೆ.

ಇಪ್ಪತ್ತೈದನೆಯ ಅಧ್ಯಾಯ ಸುರಾಧ್ಯಕ್ಷನದು. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳು ಅಲ್ಲಿ ಉಕ್ತವಾಗಿವೆ. ಇವುಗಳಲ್ಲಿ ದ್ರಾಕ್ಷೆಯ ರಸದಿಂದಾದುದು ಮಧು ಒಂದೇ. ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಹುಟ್ಟಿದ ದೇಶದಿಂದ ಬಂದುವು. ಕಾಪಿಶಿಯು ಇಂದಿನ ಆಫ್ಘಾನಿಸ್ತಾನದ ಪ್ರದೇಶ. ಆದುದರಿಂದ ದ್ರಾಕ್ಷಾಮದ್ಯವು ವಾಯವ್ಯದ ಚಳಿನಾಡಿನ ಪದಾರ್ಥವೆಂದು ಪ್ರಸಿದ್ಧವಾಗಿತ್ತೆಂದು ಸಿದ್ಧಪಡುತ್ತದೆ. ಗೃಹಸ್ಥರು ಮಂಗಳಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಲು ಅನುಮತಿಯುಂಟು. ಪಾನಾಗಾರದಲ್ಲಿ ಅನೇಕ ಕೊಠಡಿಗಳೂ ಬೇರೆ ಬೇರೆ ಮಂಚ ಪೀಠಗಳೂ ಇರಬೇಕೆಂದು ಹೇಳಿದೆ. ಆದರೆ ಮದ್ಯವನ್ನು ವರ್ಷಗಟ್ಟಲೆ ಇಡುವ ನೆಲಮನೆಯ ವಿಧಿ ಆ ಅಧ್ಯಾಯದಲ್ಲಿಲ್ಲ.

ಹಳೆಯ ಮದ್ಯದ ಗುಣವು ಪೂರ್ವಿಕರಿಗೆ ತಿಳಿದಿರಲಿಲ್ಲವೆಂದು ಇದರಿಂದ ಊಹಿಸಲಾಗದು. ಹೊಸ ಮದ್ಯವು ಗುರುವೂ ದೋಷಕಾರಿಯೂ ಆಗಿರುವುದೆಂದೂ ಹಳೆಯದು ಲಘುವೂ ದೀಪನಕರವೂ ಆಗಿರುವುದೆಂದೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಆಯುರ್ವೇದದ ಸಂಧಾನಕ್ರಮದಲ್ಲಿ ಪಕ್ವತೆಗೆ ಆಧಾರವಾದುದು ಭಾಂಡ, ಕೊಠಡಿಯಲ್ಲ. ತುಪ್ಪ ಸವರಿ ಹದಗೊಳಿಸಿದ ಮಡಕೆಯಲ್ಲಿ ದ್ರವ್ಯಗಳನ್ನು ತುಂಬಿ, ಬಾಯನ್ನು ಮುಚ್ಚಿ, ಬಟ್ಟೆ ಮಣ್ಣುಗಳಿಂದ ಸಂಧಿಲೇಪ ಮಾಡಿ, ಕೆಲವು ಯೋಗಗಳಲ್ಲಿ ಭೂಮಿಯಲ್ಲಿ ಹೂಳಿ, ಕೆಲವುಗಳಲ್ಲಿ ಧಾನ್ಯರಾಶಿಯ ನಡುವೆ ಇಟ್ಟು, ಪಕ್ಷವೋ ಮಾಸವೋ ಕಾಯುತ್ತಾರೆ. ಹಗಲಿರುಳಿನ ಸೆಕೆ ಚಳಿಗಳ ಏರಿಳಿತ ಮಡಕೆಗೆ ತಟ್ಟದಂತೆ ಮಾಡುವುದೇ ಇದರ ಫಲ. ಮನೆಯ ಕಣಜವೇ ಇಲ್ಲಿ ಮದ್ಯಾಗಾರದ ಕೆಲಸವನ್ನು ಮಾಡಿತು.

ಶಾಸ್ತ್ರವು ಹೀಗಿರಲು, ರೂಢಿ ಏನನ್ನು ಹೇಳುತ್ತದೆಂಬುದನ್ನು ನೋಡೋಣ. ಕಿಬ್ಬನಹಳ್ಳಿಯು ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಹೋಬಳಿಯ ಊರು. ಬೆಂಗಳೂರಿನಿಂದ ತಿಪಟೂರಿನ ಮೂಲಕ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯನ್ನು ತುರುವೇಕೆರೆ ಚಿಕ್ಕನಾಯಕನಹಳ್ಳಿಗಳ ದಾರಿಯು ಇಲ್ಲಿಯ ಕ್ರಾಸಿನಲ್ಲಿ ಸಂಧಿಸುತ್ತದೆ. ಕೆರೆಗಳ ಕೆಳಗೂ ತಗ್ಗುಗಳಲ್ಲೂ ತೆಂಗು. ದಿಣ್ಣೆಯ ಹೊಲಗಳಲ್ಲಿ ರಾಗಿ. ಈ ಎರಡು ಬೆಳೆಗಳೂ ಒಂದೇ ಮನೆಗೆ ಬರುತ್ತವೆ. ಆದರೆ ಹಳೆಯ ಮನೆಗಳಲ್ಲಿ ರಾಗಿಯು ನೆಲದೊಳಕ್ಕೆ ಇಳಿಯುತ್ತಿತ್ತು. ತೆಂಗಿನಕಾಯಿ ಸೂರಿನ ಕೆಳಗಣ ಅಟ್ಟಕ್ಕೆ ಏರುತ್ತಿತ್ತು. ಕೌಟಿಲ್ಯನು ಧಾನ್ಯವನ್ನು ಎತ್ತರದಲ್ಲಿಡಹೇಳಿರಲು ಇಲ್ಲಿ ಅದಕ್ಕೆ ವಿಪರೀತವಾದ ಕ್ರಮ ಹೇಗೆ ಬಂತೆಂಬ ಶಂಕೆ ಸಹಜವಾಗಿಯೇ ಹುಟ್ಟುತ್ತದೆ. ಅಕ್ಷರಕ್ಕೆ ವಿರುದ್ಧವಾಗಿ ಕಂಡರೂ ಸೂತ್ರದ ಆಶಯಕ್ಕೆ ಇದು ವಿರುದ್ಧವಲ್ಲವೆಂಬುದು ಎರಡರ ರಚನೆಯನ್ನು ನೋಡಿದರೆ ತಿಳಿಯುತ್ತದೆ.

ಹಗೇವಿಗೆ ನೀರು ನಿಲ್ಲದ ಎತ್ತರದ ಗಟ್ಟಿನೆಲವನ್ನು ಆರಿಸುತ್ತಿದ್ದರು. ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ, ತಳಕ್ಕೂ ಪಕ್ಕಗಳಿಗೂ ಒಣಹುಲ್ಲಿನ ಒತ್ತು. ರಾಗಿ ತುಂಬಿದ ಮೇಲೆ ಬಾಯಿಗೆ ಹುಲ್ಲು ಕವಿಸಿ, ಚಪ್ಪಡಿಯನ್ನು ಮುಚ್ಚಿ, ಮಣ್ಣು ಮೆತ್ತುವರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಹಗೇವನ್ನೂ ಕಣಜವನ್ನೂ ವರ್ಣಿಸಿದ್ದಾನೆ. ಮುಚ್ಚಿದ ಹಗೇವಿನಲ್ಲಿ ಧಾನ್ಯದ ಉಸಿರಾಟದಿಂದಲೇ ಆಮ್ಲಜನಕ ಕುಗ್ಗಿ ಇಂಗಾಲಾಮ್ಲವಾಯು ಹೆಚ್ಚುತ್ತದೆ, ಹುಳು ಬದುಕದು. ರಕ್ಷಣೆಯ ಕಾರಣವೇ ಅಪಾಯದ ಕಾರಣವೂ ಆಗಿರುವುದರಿಂದ, ಬಾಯಿ ತೆರೆದೊಡನೆ ಇಳಿದವರು ಉಸಿರುಕಟ್ಟಿ ಸಾಯುವುದುಂಟು. ತೆರೆದು ಗಾಳಿಯಾಡಿಸಿ, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕೆಂಬುದು ಹಿರಿಯರ ಕಟ್ಟಳೆ.

ಕನಕದಾಸರ ರಾಮಧಾನ್ಯಚರಿತ್ರೆಯನ್ನು ಇಲ್ಲಿ ಸ್ಮರಿಸಬೇಕು. ಭತ್ತಕ್ಕೂ ನರೆದಲಗಕ್ಕೂ, ಎಂದರೆ ರಾಗಿಗೂ, ಹಿರಿಮೆಯ ಕಲಹ ಬಂದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಭತ್ತವು ಕಂದುತ್ತದೆ, ನರೆದಲಗವು ಕುಂದದೆ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಈ ಕಾವ್ಯದ ಸಾಮಾಜಿಕಾರ್ಥವನ್ನು ಹಲವರು ವಿವೇಚಿಸಿದ್ದಾರೆ. ಅದರ ಲೌಕಿಕಮೂಲವು ಸಂಗ್ರಹಪರೀಕ್ಷೆಯೆಂಬುದೂ ಗಮನಾರ್ಹ. ಆ ಸೆರೆಮನೆಯು ಹಗೇವಿನ ಕಾವ್ಯರೂಪವೆಂದು ತಿಳಿದರೆ ತೀರ್ಪು ಒಕ್ಕಲಿಗನ ಅನುಭವದಿಂದಲೇ ಹುಟ್ಟಿದುದೆಂದು ತೋರುತ್ತದೆ. ಈ ಗುಣವು ಕೇವಲ ಕಾವ್ಯವಿಷಯವಲ್ಲ. 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಅಪಾರವಾಗಿ ನಷ್ಟಹೊಂದಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂತಹ ನಾಡಿನಲ್ಲಿ ತುಂಬಿದ ಹಗೇವು ಐಶ್ವರ್ಯವಲ್ಲ, ಪ್ರಾಣ.

ಇನ್ನು ತೆಂಗಿನ ಅಟ್ಟ. ಪೂರ್ಣವಾಗಿ ಬಲಿತ ಕಾಯಿಗಳನ್ನು ಮಟ್ಟೆ ಸುಲಿಯದೆ, ಗಾಳಿಯಾಡುವಂತೆ ಸಂದುಬಿಟ್ಟು ಹಾಸಿದ ಮರದ ಅಥವಾ ಬಿದಿರಿನ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಗುಂಡಾಗಿ ನಿಲ್ಲುತ್ತದೆ. ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ಆಗ ಸುಲಿದು, ಚಿಪ್ಪನ್ನೊಡೆದು, ಉಂಡೆಕೊಬ್ಬರಿಯನ್ನು ತೆಗೆಯುವರು. ಕೆಲವು ಮನೆಗಳಲ್ಲಿ ಕೆಳಗಣ ಒಲೆಯ ಹೊಗೆಯೂ ಒಣಗುವುದಕ್ಕೆ ಸಹಾಯಕವಾಗುತ್ತಿತ್ತು. ಇದೇ ಕಾಯನ್ನು ತೇವವುಳ್ಳ ನೆಲಮನೆಯಲ್ಲಿಟ್ಟರೆ ಮೊಳೆಯುವುದು ಅಥವಾ ಬೂಷ್ಟು ಹಿಡಿಯುವುದು. ರಾಗಿಗೆ ಗಾಳಿಯ ಅಭಾವವೇ ರಕ್ಷೆ. ಕೊಬ್ಬರಿಗೆ ಗಾಳಿಯೇ ಪಾಕ. ದ್ರವ್ಯಸ್ವಭಾವವೇ ಸ್ಥಾನನಿರ್ಣಾಯಕವೆಂಬ ಸೂತ್ರಕ್ಕೆ ಇದಕ್ಕಿಂತ ಉತ್ತಮವಾದ ಭಾಷ್ಯ ದೊರೆಯಲಾರದು.

ಈ ಅಳತೆಗೋಲಿನಿಂದಲೇ ದ್ರಾಕ್ಷಾಮದ್ಯದ ನೆಲಮನೆಯನ್ನು ಅಳೆಯಬೇಕು. ಬಾಟಲಿಯ ಮದ್ಯವು ಬಹುಕಾಲ ಕೆಡದೆ ಪಕ್ವವಾಗಬೇಕಾದರೆ ಸುಮಾರು 12ರಿಂದ 14 ಡಿಗ್ರಿ ಸೆಂಟಿಗ್ರೇಡಿನ ಏಕರೂಪವಾದ ತಂಪು, ಬಿರಡೆ ಒಣಗದಷ್ಟು ತೇವ, ಕತ್ತಲೆ, ಅಲುಗಾಟವಿಲ್ಲದಿರುವುದು, ಇವು ಬೇಕು. ಬಿರಡೆಯು ನೆನೆದಿರಲೆಂದು ಬಾಟಲಿಯನ್ನು ಮಲಗಿಸಿಡುತ್ತಾರೆ. ಕೆಲವು ಮೀಟರು ಆಳಕ್ಕೆ ಹೋದರೆ ಭೂಮಿಯ ಉಷ್ಣತೆಯು ಆ ಸ್ಥಳದ ವಾರ್ಷಿಕ ಸರಾಸರಿಗೆ ಸಮೀಪವಾಗುತ್ತದೆ. ಫ್ರಾನ್ಸಿನ ಷಾಂಪೇನ್ ಸೀಮೆಯ ಸೀಮೆಸುಣ್ಣದ ಗವಿಗಳು ಮದ್ಯಕ್ಕೆ ಒದಗಿಬಂದುದು ಅಲ್ಲಿಯ ನೆಲ ಸಹಜವಾಗಿಯೇ ತಂಪಾಗಿರುವುದರಿಂದ. ಕಿಬ್ಬನಹಳ್ಳಿಯ ಸೀಮೆಯಲ್ಲಿಯಾದರೋ ಆ ಸರಾಸರಿಯು 24 ಡಿಗ್ರಿಯ ಆಸುಪಾಸಿನದು. ಇಲ್ಲಿ ಎಷ್ಟು ಆಳಕ್ಕೆ ತೋಡಿದರೂ ನೆಲವು ಸ್ಥಿರತೆಯನ್ನು ಕೊಡುವುದೇ ಹೊರತು ಆ ತಂಪನ್ನು ಕೊಡದು. ಆದುದರಿಂದ ಇಲ್ಲಿ ಅಂತಹ ಕೊಠಡಿಯನ್ನು ಕಟ್ಟಿಸುವವರು ಗೋಡೆ, ಸೂರು, ನೆಲಗಳಿಗೆ ಉಷ್ಣನಿರೋಧಕ ಪದರವನ್ನೂ ಅದರ ಹೊರಮೈಯಲ್ಲಿ, ಎಂದರೆ ಸೆಕೆಯ ಕಡೆಗೆ, ಆವಿಯನ್ನು ತಡೆಯುವ ಹೊದಿಕೆಯನ್ನೂ ಸಂದಿಲ್ಲದೆ ಮುಚ್ಚುವ ಬಾಗಿಲನ್ನೂ ತಂಪುಯಂತ್ರವನ್ನೂ ಅವಲಂಬಿಸಲೇಬೇಕು. ಇವೆಲ್ಲ ಇದ್ದಮೇಲೆ ಕೊಠಡಿಯು ನೆಲದ ಮೇಲಿದ್ದರೂ ಕೆಲಸ ನಡೆಯುವುದು, ತೋಡುವುದು ಅನುಕರಣಮಾತ್ರ. ಕರ್ನಾಟಕದಲ್ಲಿ ನಂದಿಬೆಟ್ಟದ ಪ್ರಾಂತದಲ್ಲಿ ದ್ರಾಕ್ಷಾಮದ್ಯದ ಉದ್ಯಮ ಬೆಳೆದು, 2007ರಲ್ಲಿ ಸರ್ಕಾರವು ಅದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು; ಮನೆಗಳಲ್ಲಿ ಇಂತಹ ಕೊಠಡಿಗಳು ಹೆಚ್ಚುವುದು ಆಶ್ಚರ್ಯವಲ್ಲ. ಅದಕ್ಕೆ ಪ್ರಾಚೀನತೆಯ ಹೆಸರನ್ನು ಕಟ್ಟುವುದು ಮಾತ್ರ ಯುಕ್ತವಲ್ಲ.

ಹೀಗೆ, ಭೂಮಿಗೃಹವು ಧನಕ್ಕೆ, ಹಗೇವು ರಾಗಿಗೆ, ಅಟ್ಟವು ಕೊಬ್ಬರಿಗೆ, ಭಾಂಡವು ಆಸವಕ್ಕೆ ಏರ್ಪಟ್ಟಿದ್ದುವೆಂದು ನಿರ್ಣಯಿಸಬೇಕಾಗುತ್ತದೆ. ಇವನ್ನು ಒಂದೇ ಹೆಸರಿನಲ್ಲಿ ಬೆರಸಿದರೆ ಗ್ರಂಥಾರ್ಥವೂ ಕೆಡುತ್ತದೆ, ರೂಢಿಯ ಅರ್ಥವೂ ಕೆಡುತ್ತದೆ. ಬಳಕೆ ತಪ್ಪಿದ ಹಗೇವುಗಳನ್ನು ಜನರು ಮಣ್ಣು ತುಂಬಿ ಮುಚ್ಚಿದ್ದಾರೆ. ಹೊಸ ಪಾಯ ತೆಗೆಯುವಾಗ ಅಕಸ್ಮಾತ್ತಾಗಿ ಬಾಯಿ ಕಂಡರೆ ನಿಧಿಯೆಂದೋ ಸುರಂಗವೆಂದೋ ಗುಲ್ಲಾಗುತ್ತದೆ. ಸುರಂಗವೆಂದು ಬಗೆದು ಇಳಿದವನಿಗೆ ದೀಪದ ಕಟ್ಟಳೆ ನೆನಪಿಗೆ ಬರುವುದಿಲ್ಲ. ಪದಾರ್ಥವು ಹೋದ ಮೇಲೂ ಪದವು ಸರಿಯಾದ ಅರ್ಥದೊಡನೆ ಉಳಿದಿದ್ದರೆ ಒಂದು ಪ್ರಾಣವಾದರೂ ಉಳಿದೀತು. ಆದುದರಿಂದ ಹಗೇವಿನ ಬಾಯಿಯ ಅಳತೆ, ಹುಲ್ಲಿನ ಒತ್ತು, ತೆರೆಯುವ ಕ್ರಮ, ಅಟ್ಟದ ಹಾಸಿನ ಸಂದು ಮುಂತಾದುವನ್ನು, ಕಂಡು ಬಳಸಿದ ಹಿರಿಯರು ಇರುವಾಗಲೇ, ಅವರ ಮಾತಿನಲ್ಲಿಯೇ ಬರೆದಿಡುವುದು ಆಯಾ ಊರಿನ ಅಧ್ಯಾಪಕರಿಗೆ ಸಲ್ಲುವ ಕಾರ್ಯವಾಗಿದೆ.